ಐಟಿಐ ಓದಿಗೆ ಸಾಲ: ಕಂತು ಕಟ್ಟುವ ವರ್ಷದ ಲೆಕ್ಕ

ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಫಿಟ್ಟರ್, ಟರ್ನರ್ ಅಥವಾ ಸಿಎನ್‌ಸಿ ಮೆಷಿನ್ ಕಲಿಯುತ್ತೇನೆ ಎಂದರೆ ಹಲಸೂರಿನಿಂದ ಕೆ.ಆರ್. ಪುರದವರೆಗೆ ಹಿರಿಯರ ಬಾಯಲ್ಲಿ ಬರುವ ಹೆಸರುಗಳು ಇಂದಿಗೂ ಅವೇ: ಎಚ್‌ಎಎಲ್, ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಎಚ್‌ಎಎಲ್ ಶುರುವಾದದ್ದು 1940ರಲ್ಲಿ, ಟೆಲಿಫೋನ್ ಕಾರ್ಖಾನೆ 1948ರಲ್ಲಿ. ಕೈಕಸುಬು ಕಲಿತವನಿಗೆ ಕಾಯಂ ಕೆಲಸ ಗ್ಯಾರಂಟಿ ಎಂಬ ಮಾತು ಈ ಭಾಗದಲ್ಲಿ ಒಂದು ತಲೆಮಾರಿಗೆ ಸುಳ್ಳಾಗಿರಲಿಲ್ಲ. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು. ಈಗ ಹೊಸಬರಿಗೆ ಸಿಗುವ ಮೊದಲ ಕೆಲಸ ಬಹುತೇಕ ಅಪ್ರೆಂಟಿಸ್, ಇಲ್ಲವೇ ಕಾಂಟ್ರಾಕ್ಟ್. ಸಾಲ ಮಾಡಿ ಕಲಿಯುವುದಾದರೆ ಹತ್ತು ವರ್ಷದ ನಂತರದ ಸಂಬಳ ಬಿಡಿ, ಕಂತು ಶುರುವಾಗುವ ವರ್ಷ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ನೋಡಿ.

ಇಂಥ ಕೋರ್ಸುಗಳಿಗೆಂದೇ ಕೇಂದ್ರ ಸರ್ಕಾರ 2015ರಲ್ಲಿ ಕೌಶಲ್ಯ ಸಾಲ ಯೋಜನೆ ತಂದಿತು. ಆಗ ಮಿತಿ ಒಂದೂವರೆ ಲಕ್ಷ. 2024ರಲ್ಲಿ ಅದು ಏಳೂವರೆ ಲಕ್ಷಕ್ಕೆ ಏರಿತು. ಹೆಚ್ಚು ಸಾಲ ಸಿಗುತ್ತದೆ ಎಂದು ಹೆಚ್ಚು ಸಾಲ ಮಾಡಬೇಕಿಲ್ಲ. ಒಂದೂವರೆ ಲಕ್ಷವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಎರಡು ವರ್ಷದ ಕೋರ್ಸ್, ವರ್ಷಕ್ಕೆ 75,000ದಂತೆ ಎರಡು ಸಲ ಹಣ ಬಿಡುಗಡೆ, ಬಡ್ಡಿ ಶೇಕಡಾ 11 ಎಂದುಕೊಳ್ಳಿ. ಕೋರ್ಸ್ ಮುಗಿದು 12 ತಿಂಗಳವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿಗೆ ರಜೆಯಿಲ್ಲ. ಸರಳ ಬಡ್ಡಿಯಾದರೂ ಮೂರು ವರ್ಷಕ್ಕೆ 41,250 ರೂಪಾಯಿ ಸೇರಿ ಸಾಲ 1,91,250 ಆಗುತ್ತದೆ. ಅದನ್ನು ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 3,275 ರೂಪಾಯಿ. ಒಟ್ಟು ಕಟ್ಟುವುದು ಎರಡು ಮುಕ್ಕಾಲು ಲಕ್ಷ.

ಈಗ ಆದಾಯದ ಕಡೆ ಬನ್ನಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದಿದ ನಿಯಮದಂತೆ ಐಟಿಐ ಪಾಸಾದವರಿಗೆ ತಿಂಗಳ ಸ್ಟೈಪೆಂಡ್ ಕನಿಷ್ಠ 7,000 ರೂಪಾಯಿ ಎಂದು ಆಗ ನಿಗದಿಯಾಯಿತು. ಮೊದಲೇ ಕಲಿತು ಬಂದ ವರ್ಷಗಳಿಗೆ ತಕ್ಕಂತೆ ಇದು ಕೊಂಚ ಏರುತ್ತದೆ. ಸೇರುವ ಮುನ್ನ ಈಗಿನ ದರ ಕೇಳಿಕೊಳ್ಳಿ. ಅಪ್ರೆಂಟಿಸ್‌ಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಟ್ಟುಪಾಡೂ ಇಲ್ಲ. ಕೋರ್ಸ್ ಮುಗಿದ ಕೂಡಲೇ ಸೇರಿದರೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಕಂತಿಲ್ಲದ ಅವಧಿಯೊಳಗೇ ಮುಗಿಯುತ್ತದೆ. ಅರ್ಜಿ, ಆಯ್ಕೆ ಪಟ್ಟಿ ಎಂದು ಆರು ತಿಂಗಳು ಜಾರಿತೋ, ಉಳಿದ ಆರು ತಿಂಗಳು, 7,000ದ ಲೆಕ್ಕದಲ್ಲಿ, ಸ್ಟೈಪೆಂಡಿನ ಹೆಚ್ಚುಕಡಿಮೆ ಅರ್ಧ ಬ್ಯಾಂಕಿಗೆ. ಶಿವಾಜಿನಗರದಲ್ಲಿ ಅಪ್ಪ ಅಮ್ಮನ ಜೊತೆ ಇರುವ ಹುಡುಗ ಹೇಗೋ ದಾಟಿಯಾನು. ಮಹದೇವಪುರದಲ್ಲಿ ಪಿಜಿಗೆ ಬಾಡಿಗೆ ಕೊಡುವವನಿಗೆ ಆಗದು.

ಕೆಲಸ ಸಿಕ್ಕ ಮೇಲೂ ಆಫರ್ ಲೆಟರಿನ ಅಂಕಿ ಕೈಗೆ ಬರುವುದಿಲ್ಲ. ಸಿಟಿಸಿ 20,000, ಮೂಲ ವೇತನ 12,000 ಇದ್ದರೆ, ಮಾಲೀಕರ ಪಾಲಿನ ಪಿಎಫ್, ಇಎಸ್‌ಐ ಅದರೊಳಗೇ ಸೇರಿರುತ್ತವೆ. ನಿಮ್ಮ ಪಾಲು ಬೇರೆ ಕಡಿತ. ಉಳಿಯುವುದು ಸುಮಾರು 16,300. ಕ್ಯಾಂಟೀನ್, ಕಂಪನಿ ಬಸ್ಸಿಗೆ ಹಿಡಿದುಕೊಂಡರೆ ಇನ್ನೂ ಇಳಿಯುತ್ತದೆ. ಓಟಿ ದುಡ್ಡನ್ನು ಲೆಕ್ಕಕ್ಕೆ ಸೇರಿಸಲೇಬೇಡಿ, ಅದು ಆರ್ಡರ್ ಇದ್ದಾಗ ಮಾತ್ರ.

2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ಗಲಾಟೆ ಎದ್ದದ್ದು ಸಂಬಳದ ವಿಷಯಕ್ಕೇ. ಕೆಲವು ಕೆಲಸಗಾರರಿಗೆ ಸರಿಯಾಗಿ, ಸಮಯಕ್ಕೆ ಹಣ ಸಂದಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಕಾಂಟ್ರಾಕ್ಟರ್ ಮೂಲಕ ಸೇರುವಾಗ ಸಂಬಳ ಯಾರ ಖಾತೆಯಿಂದ, ಯಾವ ತಾರೀಖಿಗೆ ಬರುತ್ತದೆ ಎಂದು ಕಾಗದದಲ್ಲಿ ಬರೆಸಿಕೊಳ್ಳುವುದು ಅನುಮಾನದ ಬುದ್ಧಿಯಲ್ಲ.

ಬಿಟ್ಟುಕೊಡುವ ಕೂಲಿಯೂ ಖರ್ಚೇ. ಶಿವಾಜಿನಗರದ ಗುಜರಿಯಲ್ಲೋ ಡೆಲಿವರಿಯಲ್ಲೋ ತಿಂಗಳಿಗೆ 12,000 ದುಡಿಯಬಲ್ಲವನು ಎರಡು ವರ್ಷ ತರಗತಿಯಲ್ಲಿ ಕುಳಿತರೆ 2,88,000 ರೂಪಾಯಿ ಬಿಟ್ಟಂತೆ. ಹಾಗೆಂದು ಕಲಿಯಬಾರದೆಂದಲ್ಲ. ಡೆಲಿವರಿಯಲ್ಲಿ ಮೇಲಕ್ಕೆ ಹತ್ತಲು ಮೆಟ್ಟಿಲಿಲ್ಲ. ಇಲ್ಲಿ ಇದೆ: ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾದವರಿಗೆ ಡಿಸಿಇಟಿ ಬರೆದು ಬಿಇಯ ಎರಡನೇ ವರ್ಷಕ್ಕೆ ನೇರ ಪ್ರವೇಶ ಉಂಟು. ಈ ದಾರಿ ತೆರೆಯುವುದು ಎನ್‌ಸಿವಿಟಿಯಂಥ ಮಾನ್ಯತೆಯಿರುವ ಸರ್ಟಿಫಿಕೇಟಿಗೆ. ಬರೀ ಸಂಸ್ಥೆಯ ಮುದ್ರೆ ಒತ್ತಿದ ಕಾಗದಕ್ಕಲ್ಲ.

ಸರ್ಕಾರಿ ಐಟಿಐಗಳಿಗೆ ಈಗಲೂ ಮೂಗು ಮುರಿಯುವವರಿದ್ದಾರೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳು ಬಂದು 2022ರ ಜೂನ್‌ನಲ್ಲಿ ಉದ್ಘಾಟನೆಯಾದದ್ದು ಅವರಿಗೆ ಗೊತ್ತಿಲ್ಲ. ಅಲ್ಲಿನ ಶುಲ್ಕಕ್ಕೆ ಸಾಲದ ಮಾತೇ ಬರುವುದಿಲ್ಲ. ಹುಡುಗಿಯರಿಗೆ 2023ರ ಜೂನ್‌ನಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸೂ ಉಚಿತ.

ನನ್ನ ಪ್ರಕಾರ ಕಂತು ಕೈಗೆ ಬರುವ ಸಂಬಳದ ಐದನೇ ಒಂದು ಭಾಗ ದಾಟಬಾರದು. ಮೇಲಿನ ಲೆಕ್ಕದಲ್ಲಿ ಒಂದೂವರೆ ಲಕ್ಷಕ್ಕೇ ಆ ಗೆರೆ ಮುಟ್ಟಿತು. ಮೊದಲು ಸರ್ಕಾರಿ ಐಟಿಐಗೆ ಅರ್ಜಿ ಹಾಕಿ. ಸೀಟು ಸಿಗದಿದ್ದರೆ ಮಾತ್ರ ಖಾಸಗಿಗೆ ಹೋಗಿ, ಕಳೆದ ವರ್ಷ ಪಾಸಾದ ಇಬ್ಬರು ಹುಡುಗರ ಪೇ ಸ್ಲಿಪ್ ನೋಡಿದ ಮೇಲೆ ಸಾಲದ ಅರ್ಜಿಗೆ ಸಹಿ ಮಾಡಿ.