ಕಾಣದವನಿಗಾಗಿ ಕಣ್ಣೀರು

2009ನೆಯ ಇಸವಿ ಜೂನ್ 25ರ ಅಪರಾಹ್ನ ಗೂಗಲ್ ಸಂಸ್ಥೆಯ ಯಂತ್ರಗಳು ಒಂದು ವಿಚಿತ್ರವಾದ ತಪ್ಪನ್ನು ಮಾಡಿದವು. ಆ ಸಂಸ್ಥೆಯ ಸುದ್ದಿ ವಿಭಾಗದಲ್ಲಿ ಒಂದೇ ಹೆಸರನ್ನು ಹುಡುಕುವವರ ಸಂಖ್ಯೆ ಇದ್ದಕ್ಕಿದ್ದಂತೆ ಎಷ್ಟು ಏರಿತೆಂದರೆ, ಇದು ಮನುಷ್ಯರ ಕೆಲಸವಾಗಿರಲಾರದು, ಯಾರೋ ದುರುಳರು ಹೂಡಿರುವ ದಾಳಿಯೇ ಇರಬೇಕು ಎಂದು ಅವು ಬಗೆದವು. ಸುಮಾರು 25 ನಿಮಿಷಗಳ ಕಾಲ, ಹುಡುಕಿದವರಲ್ಲಿ ಕೆಲವರಿಗೆ ಸುದ್ದಿಗೆ ಬದಲಾಗಿ ಕ್ಷಮೆ ಕೋರುವ ಒಂದು ಪುಟ ದೊರೆಯಿತು. ಅವರು ಹುಡುಕುತ್ತಿದ್ದುದು ಮೈಕೇಲ್ ಜ್ಯಾಕ್ಸನ್ ಎಂಬ ಗಾಯಕನ ಹೆಸರನ್ನು. ಆತನು ಅಂದು ಲಾಸ್ ಏಂಜಲೀಸ್ ನಗರದ ಆಸ್ಪತ್ರೆಯೊಂದರಲ್ಲಿ ತನ್ನ ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು. ವೈದ್ಯರು ಮರಣವನ್ನು ಸಾರಿದುದು 2 ಗಂಟೆ 26 ನಿಮಿಷಕ್ಕೆ; ಅಂತರಜಾಲದಲ್ಲಿ ಸುದ್ದಿ ಹೊರಬಿದ್ದುದು ಅದಾದ ಹದಿನೆಂಟು ನಿಮಿಷಗಳಿಗೆ. ಒಂದು ಗಂಟೆಯ ಅವಧಿಯಲ್ಲಿ ಸುಮಾರು ಹತ್ತು ಲಕ್ಷ ಮಂದಿ ವಿಕಿಪೀಡಿಯ ವಿಶ್ವಕೋಶದಲ್ಲಿ ಆತನ ಚರಿತ್ರೆಯನ್ನು ತೆರೆದು ನೋಡಿದರು. ಅದೇ ದಿನ, ನಟ ಜೆಫ್ ಗೋಲ್ಡ್‌ಬ್ಲಮ್ ನ್ಯೂಜಿಲೆಂಡಿನ ಬಂಡೆಯೊಂದರಿಂದ ಬಿದ್ದು ಸತ್ತನೆಂಬ ಸುಳ್ಳುಸುದ್ದಿಯೂ ಹಬ್ಬಿತು. ಒಂದು ಸಾವಿನಿಂದ ಕದಡಿದ ಮನಸ್ಸು ಇನ್ನೊಂದನ್ನು ಎಷ್ಟು ಸುಲಭವಾಗಿ ನಂಬುತ್ತದೆ!

ಸತ್ತವನು ಯಾರು? ಇಂಡಿಯಾನ ಪ್ರಾಂತದ ಗ್ಯಾರಿ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ 1958ರಲ್ಲಿ ಹುಟ್ಟಿ, ಹನ್ನೊಂದು ವರ್ಷದ ಬಾಲಕನಾಗಿರುವಾಗಲೇ ಅಣ್ಣಂದಿರೊಡನೆ ಹಾಡಿ ದೇಶಕ್ಕೆಲ್ಲ ಪರಿಚಿತನಾದವನು. 1982ರಲ್ಲಿ ಹೊರಬಂದ ಆತನ 'ಥ್ರಿಲ್ಲರ್' ಎಂಬ ಗೀತಸಂಪುಟ ಜಗತ್ತಿನಲ್ಲಿಯೇ ಅತಿ ಹೆಚ್ಚು ಮಾರಾಟವಾದುದೆಂದು ಹೆಸರು ಪಡೆದಿದೆ. 1996ರ ನವೆಂಬರ್ 1ರಂದು ಆತನು ಮುಂಬಯಿಯಲ್ಲಿಯೂ ಹಾಡಿ ಕುಣಿದಿದ್ದನು. ಮೈಸೂರಿನಲ್ಲಿ ಹುಟ್ಟಿದ ನರ್ತಕ ಪ್ರಭುದೇವ ಅವರನ್ನು ಭಾರತದ ಮೈಕೇಲ್ ಜ್ಯಾಕ್ಸನ್ ಎಂದು ಜನ ಕರೆದುದರಿಂದ, ಆತನ ಹಾಡನ್ನು ಒಮ್ಮೆಯೂ ಕೇಳದವರಿಗೂ ನಮ್ಮಲ್ಲಿ ಆ ಹೆಸರು ಗೊತ್ತು.

ಆದರೆ ಆ ಹೆಸರಿಗೆ ಬೇರೊಂದು ಮಾತೂ ಅಂಟಿಕೊಂಡಿದ್ದಿತು. ಬಾಲಕನೊಬ್ಬನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದನೆಂಬ ಆಪಾದನೆ 1993ರಲ್ಲಿ ಬಂದಿತು. ಆತನು ಅದನ್ನು ಅಲ್ಲಗಳೆದನು. 1994ರಲ್ಲಿ ಹಣ ಕೊಟ್ಟು ವ್ಯಾಜ್ಯವನ್ನು ನ್ಯಾಯಾಲಯದ ಹೊರಗೆ ತೀರಿಸಿಕೊಂಡನು. ಬೇರೊಬ್ಬ ಬಾಲಕನ ದೂರಿನ ಮೇಲೆ ಕ್ಯಾಲಿಫೋರ್ನಿಯದಲ್ಲಿ ನಡೆದ ವಿಚಾರಣೆಯಲ್ಲಿ, 2005ರ ಜೂನ್ 13ರಂದು, ಪಂಚರು ಎಲ್ಲ ಆಪಾದನೆಗಳಿಂದಲೂ ಆತನನ್ನು ಬಿಡುಗಡೆ ಮಾಡಿದರು. ಆದರೂ ಸಂದೇಹ ಅಡಗಲಿಲ್ಲ. ಹೀಗಿರುವ ಒಬ್ಬನು ಸತ್ತಾಗ ಜನ ಏನು ಮಾಡಿದರು, ಏಕೆ ಹಾಗೆ ಮಾಡಿದರು ಎಂಬುದೇ ನಾವು ಇಲ್ಲಿ ವಿಚಾರಿಸಹೊರಟಿರುವ ವಿಷಯ.

ಮೊದಲು ದುಃಖದ ಮಾತು. ಜುಲೈ 7ರ ಸಂತಾಪ ಸಭೆಗೆಂದು ಕೇವಲ 17,500 ಟಿಕೆಟುಗಳನ್ನು ಚೀಟಿ ಎತ್ತಿ ಹಂಚಲಾಯಿತು. ಅವಕ್ಕಾಗಿ ಹೆಸರು ಕೊಟ್ಟವರು 16 ಲಕ್ಷ ಮಂದಿ. ಹಾಲಿವುಡ್ಡಿನ ಒಂದು ಬೀದಿಯಲ್ಲಿ ಪ್ರಸಿದ್ಧ ಕಲಾವಿದರ ಹೆಸರುಗಳನ್ನು ನಕ್ಷತ್ರಾಕೃತಿಯಲ್ಲಿ ಕಾಲುದಾರಿಯ ನೆಲಕ್ಕೆ ಕೂಡಿಸಿರುವರು. ಮರಣದ ದಿನ ಅಲ್ಲಿ ಚಲನಚಿತ್ರವೊಂದರ ಪ್ರಥಮ ಪ್ರದರ್ಶನದ ಏರ್ಪಾಡಿನಿಂದ ಜ್ಯಾಕ್ಸನ್ನನ ನಕ್ಷತ್ರ ಮುಚ್ಚಿಹೋಗಿದ್ದಿತು. ಹೂ ಹಿಡಿದು ಬಂದವರು ಸ್ವಲ್ಪ ದೂರದಲ್ಲಿ ಅದೇ ಹೆಸರಿನ ಬೇರೊಂದು ನಕ್ಷತ್ರವನ್ನು ಕಂಡು, ಅದರ ಮೇಲೆಯೇ ಹೂವಿಟ್ಟು ದೀಪ ಹಚ್ಚಿದರು. ಅದು ಮೈಕೇಲ್ ಜ್ಯಾಕ್ಸನ್ ಎಂಬ ರೇಡಿಯೋ ಭಾಷಣಕಾರನದು. ಆತನು ಆಗ ಬದುಕಿಯೇ ಇದ್ದನು! ತನ್ನ ನಕ್ಷತ್ರವನ್ನು ಎರವಲು ಕೊಡಲು ಅಡ್ಡಿಯಿಲ್ಲವೆಂದು ಆ ಸಜ್ಜನನು ತಿಳಿಸಿದನಂತೆ. ಇದನ್ನು ಕೇಳಿ ನಗುವುದು ಸುಲಭ. ಆದರೆ ದುಃಖಕ್ಕೆ ಒಂದು ನೆಲೆ ಬೇಕು, ಕೈಗೆ ಮಾಡಲು ಒಂದು ಕೆಲಸ ಬೇಕು. ಇಲ್ಲವಾದರೆ ಅದು ತಡೆದುಕೊಳ್ಳಲಾರದು.

ಈ ದುಃಖ ನಿಜವಾದುದೆ? ಒಮ್ಮೆಯೂ ಭೇಟಿಯಾಗದವನಿಗಾಗಿ ಅಳುವುದು ಬರಿಯ ಸೋಗಲ್ಲವೆ? ಈ ಪ್ರಶ್ನೆಗೆ ಉತ್ತರದ ಎಳೆ 1956ರಷ್ಟು ಹಿಂದೆಯೇ ಸಿಕ್ಕಿದ್ದಿತು. ಡಾನಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು, ಆಗ ಹೊಸದಾಗಿದ್ದ ಟೆಲಿವಿಷನ್ನನ್ನು ಕುರಿತು ಆ ವರ್ಷ ಒಂದು ಲೇಖನವನ್ನು ಪ್ರಕಟಿಸಿದರು. ತೆರೆಯ ಮೇಲಿನ ವ್ಯಕ್ತಿ ನೇರವಾಗಿ ನಮ್ಮ ಕಣ್ಣನ್ನೇ ನೋಡುವಂತೆ ನೋಡುತ್ತಾನೆ, ನಮ್ಮೊಡನೆಯೇ ಮಾತನಾಡುವಂತೆ ಮಾತನಾಡುತ್ತಾನೆ. ದಿನಗಳೆದಂತೆ ಆತನ ನಗೆ, ನಡೆ, ದನಿಯ ಏರಿಳಿತ ಎಲ್ಲವೂ ನೆರೆಮನೆಯವನವುಗಳಂತೆ ನಮಗೆ ಪರಿಚಿತವಾಗುತ್ತವೆ. ನಾವು ಆತನನ್ನು ಬಲ್ಲೆವು. ಆತನು ನಮ್ಮನ್ನು ಅರಿಯನು. ಇದು ಒಂದೇ ದಡದಿಂದ ಕಟ್ಟಿದ ಸೇತುವೆ. ಆದರೂ ಅದರ ಮೇಲೆ ನಡೆಯುವವನ ಭಾರ ನಿಜವಾದುದೇ. ಮನುಷ್ಯನ ಇತಿಹಾಸದ ಬಹುಭಾಗದಲ್ಲಿ, ಮತ್ತೆ ಮತ್ತೆ ಕಾಣುವ ಮುಖವೆಂದರೆ ಬಂಧುವಿನದು ಅಥವಾ ಊರವನದು. ಅಂತಹ ಬಾಳಿನಲ್ಲಿ ರೂಪುಗೊಂಡ ಮನಸ್ಸು ಬೆಳಕಿನ ಚಿತ್ರವನ್ನೂ ಬಂಧುಗಳ ಸಾಲಿಗೆ ಸೇರಿಸಿಕೊಂಡರೆ ಆಶ್ಚರ್ಯವೇನು? ಜ್ಯಾಕ್ಸನ್ನನನ್ನು ಬಾಲಕನಾಗಿ ಕಂಡು ಆತನೊಡನೆ ಬೆಳೆದವರಿಗೆ 2009ರ ವೇಳೆಗೆ ನಲವತ್ತು ವರ್ಷಗಳ ಪರಿಚಯ. ಅವರು ಅತ್ತುದು ಆತನಿಗಾಗಿ ಎಷ್ಟೋ, ಕಳೆದುಹೋದ ತಮ್ಮ ಹರೆಯಕ್ಕಾಗಿಯೂ ಅಷ್ಟೇ.

ಟೆಲಿವಿಷನ್ ಬರುವುದಕ್ಕೆ ಮುಂಚೆಯೇ, ಮೂಕಚಿತ್ರಗಳ ನಟ ರುಡಾಲ್ಫ್ ವ್ಯಾಲೆಂಟಿನೊ 1926ರಲ್ಲಿ ಸತ್ತಾಗ ನ್ಯೂಯಾರ್ಕಿನ ಬೀದಿಗಳಲ್ಲಿ ಸುಮಾರು ಒಂದು ಲಕ್ಷ ಜನ ನೆರೆದು ಗಲಭೆಯಾಗಿದ್ದಿತು. ಆದ್ದರಿಂದ ಇದನ್ನು ಹೊಸ ಕಾಲದ ಹುಚ್ಚೆಂದು ತಳ್ಳಿಹಾಕುವಂತಿಲ್ಲ.

ಇನ್ನು ಕಠಿನವಾದ ಪ್ರಶ್ನೆ. ಬದುಕಿರುವಾಗ ಆತನನ್ನು ಹುಚ್ಚನೆಂದು ವರ್ಷಗಟ್ಟಲೆ ಅಣಕಿಸಿದ ಪತ್ರಿಕೆಗಳು, ಸತ್ತ ಮರುದಿನವೇ ಹೊಗಳಿಕೆಯ ವಿಶೇಷ ಸಂಚಿಕೆಗಳನ್ನು ಹೊರತಂದವು. ಅಮೆರಿಕದ ಪ್ರತಿನಿಧಿ ಸಭೆ ಒಂದು ಕ್ಷಣ ಮೌನವನ್ನಾಚರಿಸಿತು. ಅದೇ ಸಭೆಯ ನ್ಯೂಯಾರ್ಕಿನ ಸದಸ್ಯನೊಬ್ಬನು ಕೆಲವು ದಿನಗಳ ಮೇಲೆ, ಇಂತಹವನಿಗೆ ಇಷ್ಟು ಗೌರವವೇ ಎಂದು ಬಿರುನುಡಿಗಳಿಂದ ಬಹಿರಂಗವಾಗಿ ಹಳಿದನು. ಒಂದೇ ಮನುಷ್ಯ, ಒಂದೇ ಬಗೆಯ ಸಾಕ್ಷ್ಯ, ಎರಡು ತೀರ್ಪುಗಳು!

ಇಲ್ಲಿ ನಮಗೆ ನೆರವಾಗುವುದು ಲಿಯಾನ್ ಫೆಸ್ಟಿಂಜರ್ ಎಂಬ ಮನಶ್ಶಾಸ್ತ್ರಜ್ಞನು ಜೇಮ್ಸ್ ಕಾರ್ಲ್‌ಸ್ಮಿತ್ತನೊಡನೆ ನಡೆಸಿ 1959ರಲ್ಲಿ ಪ್ರಕಟಿಸಿದ ಪ್ರಯೋಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ಕರೆದು ಒಂದು ಗಂಟೆಯ ಕಾಲ ಬೇಸರದ ಕೆಲಸಕ್ಕೆ ಹಚ್ಚಿದರು: ನೂಲಿನ ಉರುಳೆಗಳನ್ನು ತಟ್ಟೆಗೆ ತುಂಬುವುದು, ಬರಿದು ಮಾಡುವುದು, ಮತ್ತೆ ತುಂಬುವುದು, ಆಮೇಲೆ 48 ಗೂಟಗಳನ್ನು ಒಂದೊಂದಾಗಿ ಕಾಲು ಸುತ್ತು ತಿರುಗಿಸುತ್ತ ಕುಳಿತಿರುವುದು. ಮುಗಿದ ಬಳಿಕ, ಹೊರಗೆ ಕಾದಿರುವವಳಿಗೆ ಕೆಲಸ ಬಹಳ ಸ್ವಾರಸ್ಯವಾಗಿದೆಯೆಂದು ಹೇಳಬೇಕೆಂದು ಕೇಳಿಕೊಂಡರು. ಈ ಸುಳ್ಳಿಗೆ ಕೆಲವರಿಗೆ 20 ಡಾಲರ್, ಕೆಲವರಿಗೆ ಒಂದೇ ಡಾಲರ್. ಕೊನೆಗೆ ನಿಜವಾದ ಅಭಿಪ್ರಾಯವನ್ನು ಕೇಳಿದಾಗ, ಕೆಲಸ ಚೆನ್ನಾಗಿಯೇ ಇದ್ದಿತೆಂದವರು ಒಂದು ಡಾಲರ್ ಪಡೆದವರು! ಹೆಚ್ಚು ಹಣ ಪಡೆದವರಿಗೆ ಸುಳ್ಳು ಹೇಳಿದುದಕ್ಕೆ ಹಣವೇ ಕಾರಣವಾಗಿದ್ದಿತು. ಉಳಿದವರಿಗೆ ಅಂತಹ ನೆವವಿರಲಿಲ್ಲ. ಬೇಸರಪಟ್ಟೆ, ಆದರೂ ಚೆನ್ನಾಗಿದೆಯೆಂದೆ ಎಂಬ ಎರಡು ಅರಿವುಗಳು ಒಳಗೇ ಘರ್ಷಿಸಿದವು. ಆಡಿದ ಮಾತನ್ನು ಹಿಂದೆಗೆಯಲಾರದೆ ಅಭಿಪ್ರಾಯವನ್ನೇ ಬದಲಿಸಿಕೊಂಡರು.

ನಲವತ್ತು ವರ್ಷ ಪ್ರೀತಿಸಿದ ಅಭಿಮಾನಿಯ ಸ್ಥಿತಿ ಇದಕ್ಕಿಂತ ಭಿನ್ನವೆ? ಆತನು ನನ್ನವನು, ಆತನ ಮೇಲೆ ಘೋರವಾದ ಆಪಾದನೆಯಿದೆ. ಎರಡೂ ಒಂದೇ ಮನೆಯಲ್ಲಿ ಬಾಳುವುದು ಕಷ್ಟ. ಪ್ರೀತಿಯನ್ನು ಕಿತ್ತೊಗೆಯುವುದಕ್ಕಿಂತ ದೂರನ್ನು ಸುಳ್ಳೆನ್ನುವುದು ಸುಲಭ. ಇತ್ತ, ಮೊದಲೇ ಆತನನ್ನು ಕಂಡರಾಗದವನಿಗೂ ಈ ನಿಯಮ ತಪ್ಪಿದುದಲ್ಲ. ಚರ್ಮದ ಬಣ್ಣದ ಕಥೆಯನ್ನೇ ನೋಡಿರಿ. ಕಪ್ಪು ಜನಾಂಗದ ಈತನು ವರ್ಷ ವರ್ಷಕ್ಕೆ ಬೆಳ್ಳಗಾಗುತ್ತ ಬಂದಾಗ, ತನ್ನ ಕುಲವನ್ನೇ ತೊರೆಯಲು ಬಣ್ಣ ಕಳೆದುಕೊಳ್ಳುತ್ತಿರುವನೆಂದು ಜನ ಜರೆದರು. ಅದು ಚರ್ಮದ ಬಣ್ಣವನ್ನು ನಾಶಮಾಡುವ ರೋಗವೆಂದು 1993ರಲ್ಲಿ ಆತನೇ ಹೇಳಿದಾಗ ನಂಬಿದವರು ಕಡಮೆ. ಮರಣೋತ್ತರ ಪರೀಕ್ಷೆಯ ವರದಿ ಆ ಮಾತನ್ನು ಸ್ಥಿರಪಡಿಸಿತು. ಅದು ನಾವು ತೊನ್ನು ಎಂದು ಕರೆಯುವ ರೋಗವೇ. ಬಣ್ಣವನ್ನು ತಯಾರಿಸುವ ಜೀವಕಣಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಗೊಳಿಸುವುದರಿಂದ ಬರುವ ಇದು ನೂರು ಮಂದಿಯಲ್ಲಿ ಸುಮಾರು ಒಬ್ಬರಿಗೆ ಇರಬಹುದು, ಅಂಟುರೋಗವಂತೂ ಅಲ್ಲ. ಅಣಕಿಸಿದವರ ಕಣ್ಣೆದುರಿಗೇ ಇದ್ದ ಸಂಗತಿ ಅವರಿಗೆ ಕಾಣಲಿಲ್ಲ. ತೊನ್ನಿರುವವರನ್ನು ದೂರವಿಡುವ ನಮ್ಮ ಜನ ಇದನ್ನು ತುಸು ಯೋಚಿಸಬಹುದು.

ಸಾವಿನ ಕಾರಣ ತಿಳಿದಾಗ ಜನರ ಕೋಪಕ್ಕೆ ಹೊಸ ಗುರಿ ಸಿಕ್ಕಿತು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ, ಉಸಿರಾಟವನ್ನು ಎಡೆಬಿಡದೆ ಗಮನಿಸುತ್ತ ಕೊಡಬೇಕಾದ ಪ್ರೊಪೊಫಾಲ್ ಎಂಬ ಅರಿವಳಿಕೆಯನ್ನು ಖಾಸಗಿ ವೈದ್ಯನು ಮನೆಯಲ್ಲಿಯೇ ನಿದ್ರೆಗಾಗಿ ಕೊಟ್ಟಿದ್ದನು. 2011ರಲ್ಲಿ ಪಂಚರು ಆತನನ್ನು ಅನುದ್ದೇಶಿತ ನರಹತ್ಯೆಯ ಅಪರಾಧಿಯೆಂದು ಸಾರಿದರು. ಅಭಿಮಾನಿಗಳು ನ್ಯಾಯಾಲಯದ ಹೊರಗೆ ಹರ್ಷೋದ್ಗಾರ ಮಾಡಿದರು.

ನಮಗೆ ಹೆಚ್ಚು ಕಳವಳವನ್ನುಂಟುಮಾಡುವ ಸಂಗತಿ ಬೇರೆ. ನ್ಯಾಯಾಲಯದ ಬಿಡುಗಡೆಯೆಂದರೆ ಆಪಾದನೆ ಸಂದೇಹಕ್ಕೆಡೆಯಿಲ್ಲದಂತೆ ಸಿದ್ಧಪಡಲಿಲ್ಲ ಎಂದರ್ಥ. ಅದಕ್ಕಿಂತ ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ. ಆದರೆ ಸಂತಾಪದ ಮಹಾಪೂರದಲ್ಲಿ ಮೊದಲು ಕೊಚ್ಚಿಹೋಗುವುದು ದೂರು ಹೇಳಿದ ಮಗುವಿನ ದನಿ. ತನ್ನ ಮೇಲೆ ಅನ್ಯಾಯವಾಗಿದೆಯೆಂದು ಇನ್ನೂ ಯಾರಿಗೂ ಹೇಳದಿರುವ ಬಾಲಕನೊಬ್ಬನು, ಎಲ್ಲಿಯೇ ಇರಲಿ, ಊರೆಲ್ಲ ಆರಾಧಿಸುವ ದೊಡ್ಡವನೊಬ್ಬನ ವಿಷಯದಲ್ಲಿ ಜನ ನಡೆದುಕೊಳ್ಳುವ ರೀತಿಯನ್ನು ನೋಡುತ್ತಲೇ ಇರುತ್ತಾನೆ.

ಹತ್ತು ವರ್ಷಗಳ ಬಳಿಕ, 2019ರಲ್ಲಿ, ಬಾಲ್ಯದಲ್ಲಿ ಜ್ಯಾಕ್ಸನ್ನನಿಂದ ತಮಗೆ ದೌರ್ಜನ್ಯವಾಯಿತೆಂದು ಇಬ್ಬರು ಗಂಡಸರು ಹೇಳಿಕೊಂಡ ಸಾಕ್ಷ್ಯಚಿತ್ರವೊಂದು ಪ್ರಸಾರವಾಯಿತು. ಅವರಲ್ಲೊಬ್ಬನು 2005ರ ವಿಚಾರಣೆಯಲ್ಲಿ ಜ್ಯಾಕ್ಸನ್ನನ ಪರವಾಗಿಯೇ ಸಾಕ್ಷಿ ನುಡಿದವನು. ಕುಟುಂಬದವರು ಎಲ್ಲವನ್ನೂ ನಿರಾಕರಿಸಿದರು. ಕೆನಡ ಮತ್ತು ನ್ಯೂಜಿಲೆಂಡುಗಳ ಕೆಲವು ರೇಡಿಯೋ ನಿಲಯಗಳು ಆತನ ಹಾಡುಗಳನ್ನು ನಿಲ್ಲಿಸಿದವು. ಲಂಡನ್ನಿನಲ್ಲಿ ಅಭಿಮಾನಿಗಳು ತಾವೇ ಹಣ ಕೂಡಿಸಿ, ಆತನು ನಿರಪರಾಧಿಯೆಂದು ಸಾರುವ ಜಾಹೀರಾತುಗಳನ್ನು ನಗರದ ಬಸ್ಸುಗಳಿಗೆ ಅಂಟಿಸಿದರು. ದೌರ್ಜನ್ಯಕ್ಕೆ ಒಳಗಾದವರ ಪರವಾದ ಸಂಘವೊಂದು ಆಕ್ಷೇಪಿಸಿದ ಮೇಲೆ ಸಾರಿಗೆಯ ಅಧಿಕಾರಿಗಳು ಅವನ್ನು ತೆಗೆಸಿಹಾಕಿದರು.