ಮಂಡಿನೋವು, ಮೈತೂಕ ಮತ್ತು ಒಂದು ವಡೆಯ ಲೆಕ್ಕ

‘ತೂಕ ಇಳಿಸಿ, ವಾಕಿಂಗ್ ಮಾಡಿ.’ ಮಂಡಿ ಸವೆದಿದೆ ಎಂದು ವೈದ್ಯರ ಬಳಿ ಹೋದವರೆಲ್ಲ ಈ ಮಾತು ಕೇಳಿಸಿಕೊಂಡೇ ಹೊರಬರುತ್ತಾರೆ. ನಡೆದರೆ ನೋಯುತ್ತದೆ ಎಂದೇ ಅಲ್ಲಿಗೆ ಹೋಗಿದ್ದು! ಆದರೂ ಹಟ ಹಿಡಿದು ಹದಿನೈದು ದಿನ ಪಾರ್ಕು ಸುತ್ತುತ್ತಾರೆ. ತೂಕದ ಯಂತ್ರದ ಮುಳ್ಳು ಕದಲುವುದಿಲ್ಲ, ಮಂಡಿ ಊದಿಕೊಳ್ಳುತ್ತದೆ, ಶೂ ಮೂಲೆ ಸೇರುತ್ತದೆ. ವೈದ್ಯರ ಮಾತು ಸುಳ್ಳಲ್ಲ. ಅರ್ಧಕ್ಕೆ ನಿಂತ ಮಾತು, ಅಷ್ಟೆ.

ಮೊದಲು ಭಾರದ ವಿಚಾರ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಸಂಶೋಧಕರು ಕೃತಕ ಮಂಡಿಯೊಳಗೇ ಒತ್ತಡ ಅಳೆಯುವ ಸಾಧನ ಕೂರಿಸಿ, ಅದನ್ನು ಹಾಕಿಸಿಕೊಂಡ ಐವರನ್ನು ನಡೆಸಿ, ಮೆಟ್ಟಿಲು ಹತ್ತಿಸಿ, ಇಳಿಸಿ ನೋಡಿದರು. 2010ರಲ್ಲಿ ಪ್ರಕಟವಾದ ಆ ಅಳತೆಗಳ ಪ್ರಕಾರ, ಸಮತಟ್ಟು ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ಮೈತೂಕದ ಸುಮಾರು 2.6 ಪಟ್ಟು. ಮೆಟ್ಟಿಲು ಹತ್ತುವಾಗ 3.2, ಇಳಿಯುವಾಗ 3.5. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂದು ಅಜ್ಜಿಯಂದಿರು ಸುಮ್ಮನೆ ಹೇಳುವುದಿಲ್ಲ. ಅಮೆರಿಕದ ಇನ್ನೊಂದು ಅಧ್ಯಯನ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಗೆ ನಾಲ್ಕು ಕಿಲೋದಷ್ಟು ಭಾರ ತಪ್ಪುತ್ತದೆ ಎಂದು 2005ರಲ್ಲಿ ತೋರಿಸಿತು. ತೂಕ ಇಳಿಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಆದರೆ ಇಳಿಯುವುದು ಹೇಗೆ? 75 ಕಿಲೋ ತೂಕದವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 130-140 ಕ್ಯಾಲೊರಿ. ವಾಕಿಂಗ್ ಮುಗಿಸಿ ದರ್ಶಿನಿಯಲ್ಲಿ ಒಂದು ವಡೆ, ಒಂದು ಕಾಫಿ: ಲೆಕ್ಕ ಚುಕ್ತಾ, ಮೇಲಿಷ್ಟು ಬಾಕಿ ಬೇರೆ. ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700 ಕ್ಯಾಲೊರಿ. ಬರೀ ನಡಿಗೆಯಿಂದ ಅದನ್ನು ಕರಗಿಸಲು ಹೊರಟರೆ ಮಂಡಿ ಮೊದಲು ಸೋಲುತ್ತದೆ.

ಹಾಗಾದರೆ ವ್ಯಾಯಾಮ ದಂಡವೇ? 2013ರಲ್ಲಿ ಪ್ರಕಟವಾದ ಅಮೆರಿಕದ ‘ಐಡಿಯಾ’ ಅಧ್ಯಯನದಲ್ಲಿ ಸಿಕ್ಕ ಉತ್ತರ ಸೊಗಸಾಗಿದೆ. ಮಂಡಿ ಸವೆದ, ಮೈತೂಕ ಹೆಚ್ಚಿದ್ದ 454 ಜನರನ್ನು ಮೂರು ಗುಂಪು ಮಾಡಿ 18 ತಿಂಗಳು ಗಮನಿಸಿದರು. ವ್ಯಾಯಾಮ ಮಾತ್ರ ಮಾಡಿದವರು ಸರಾಸರಿ ಇಳಿದದ್ದು 1.8 ಕಿಲೋ. ಊಟ ಮಾತ್ರ ಕಡಿಮೆ ಮಾಡಿದವರು 8.9 ಕಿಲೋ. ಎರಡನ್ನೂ ಮಾಡಿದವರು 10.6 ಕಿಲೋ. ಸ್ವಾರಸ್ಯ ಇರುವುದು ನೋವಿನ ಅಂಕಿಗಳಲ್ಲಿ. ಎರಡು ಕಿಲೋ ಕೂಡ ಇಳಿಯದ ವ್ಯಾಯಾಮದ ಗುಂಪಿಗೆ ಕೊನೆಯಲ್ಲಿ ಉಳಿದ ನೋವು, ಒಂಬತ್ತು ಕಿಲೋ ಇಳಿದವರ ನೋವಿನಷ್ಟೇ ಇತ್ತು. ಎರಡನ್ನೂ ಮಾಡಿದವರಿಗೆ ನೋವು ಎಲ್ಲರಿಗಿಂತ ಕಡಿಮೆ. ಅಂದರೆ ತೂಕ ಇಳಿಸುವುದು ಮುಖ್ಯವಾಗಿ ತಟ್ಟೆಯ ಕೆಲಸ. ವ್ಯಾಯಾಮದ ಕೆಲಸ ಬೇರೆಯೇ ಇದೆ.

ತೊಡೆಯ ಮುಂಭಾಗದ ಸ್ನಾಯು ಬಲವಾಗಿದ್ದರೆ ಕೀಲು ಅಲುಗದೆ ನಿಲ್ಲುತ್ತದೆ. ನೋವೆಂದು ಕೂತರೆ ಮೊದಲು ಸೊರಗುವುದೂ ಅದೇ. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ವ್ಯಾಯಾಮ ಅದನ್ನು ಒಂದು ಮಟ್ಟಿಗೆ ತಡೆಯುತ್ತದೆ. ಇನ್ನು ಮೂಳೆಯ ತುದಿಯ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಕಾಲೂರಿದಾಗ ಅದುಮಿಕೊಂಡು, ಎತ್ತಿದಾಗ ಕೀಲಿನ ದ್ರವವನ್ನು ಹೀರಿಯೇ ಅದು ಬದುಕಬೇಕು. ‘ಇರುವ ಮಂಡಿಯನ್ನು ಸವೆಸಬಾರದು’ ಎಂದು ಅಲುಗಾಡದೆ ಕೂರುವವರು ಅದನ್ನು ಉಪವಾಸ ಕೆಡವುತ್ತಿರುತ್ತಾರೆ.

ಶುರು ಮಾಡಲು ಜಿಮ್ ಬೇಡ. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಒತ್ತಿ ಐದು ಎಣಿಸಿ ಬಿಡಿ. ಕೈಯೂರದೆ ಕುರ್ಚಿಯಿಂದ ಎದ್ದು, ನಿಧಾನವಾಗಿ ಕೂರಿ. ಕಷ್ಟವಾದರೆ ಕುರ್ಚಿಗೆ ದಿಂಬು ಹಾಕಿ ಎತ್ತರಿಸಿ. ಹತ್ತಿರದಲ್ಲಿ ಈಜುಕೊಳವಿದ್ದರೆ ಅದೃಷ್ಟ: ಸೊಂಟದವರೆಗಿನ ನೀರಿನಲ್ಲಿ ಕಾಲು ಹೊರುವುದು ಮೈತೂಕದ ಅರ್ಧವನ್ನಷ್ಟೇ. ಈಜು ಬರಬೇಕೆಂದೇನಿಲ್ಲ, ನೀರಿನಲ್ಲಿ ನಡೆದರೆ ಸಾಕು.

ಮೊದಮೊದಲು ತುಸು ನೋವು ಹೆಚ್ಚುವುದು ಸಹಜ. ಹತ್ತಕ್ಕೆ ಐದರೊಳಗಿದ್ದು ಮರುದಿನ ಬೆಳಗಿನ ಹೊತ್ತಿಗೆ ತಗ್ಗಿದರೆ ಮುಂದುವರಿಸಬಹುದು. ತಗ್ಗದಿದ್ದರೆ ಪ್ರಮಾಣ ಇಳಿಸಿ, ನಿಲ್ಲಿಸಬೇಡಿ. ಮಂಡಿ ಬಿಸಿಯಾಗಿ ಊದಿಕೊಂಡರೆ, ಎದೆ ಹಿಡಿದಂತಾದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿತಗೊಳಿಸಿ ವ್ಯಾಯಾಮ ಹೆಚ್ಚಿಸುವ ಮೊದಲೇ ಡೋಸ್ ಬಗ್ಗೆ ಕೇಳಿಕೊಳ್ಳಬೇಕು. ಯಾವ ವ್ಯಾಯಾಮವನ್ನಾದರೂ ಒಂದೆರಡು ಸಲ ಫಿಸಿಯೋಥೆರಪಿಸ್ಟರ ಎದುರು ಮಾಡಿ ತೋರಿಸಿ, ತಿದ್ದಿಸಿಕೊಂಡು, ಆಮೇಲೆ ಮನೆಯಲ್ಲಿ ಮುಂದುವರಿಸಿ.