ಟೆನ್ಶನ್ನಿಗೆ ಒಂದು ದಮ್ಮು

ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಯ ಎಷ್ಟೋ ಹದಿಹರೆಯದವರ ದಿನ ಜೂನಿಯರ್ ಕಾಲೇಜು, ಕೋಚಿಂಗ್ ಕ್ಲಾಸು, ನಡುವೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಳೆದುಹೋಗುತ್ತದೆ. ಸಿಗರೇಟು ಯಾಕೆಂದು ಕೇಳಿದರೆ ಈ ವಯಸ್ಸಿನವರು ಹೇಳುವ ಮಾತು ಒಂದೇ: ಟೆನ್ಶನ್. ಹಿರಿಯರು ಅದನ್ನು ನೆಪವೆಂದು ತಳ್ಳಿಹಾಕುತ್ತಾರೆ. ಆ ಮಾತನ್ನು ನಂಬಿ ಅಲ್ಲಿಂದಲೇ ಶುರುಮಾಡಬೇಕು ಎನ್ನುವುದು ನನ್ನ ವಾದ. ಟೆನ್ಶನ್ ನಿಜ, ಸುಳ್ಳಿರುವುದು ಮದ್ದಿನಲ್ಲಿ. ಎಳೆದ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ರೂಢಿಯಾದವರಿಗೆ ಆಗ ಕಿರಿಕಿರಿ, ಚಡಪಡಿಕೆ; ಪುಸ್ತಕ ತೆರೆದರೂ ಮನಸ್ಸು ನಿಲ್ಲದು. ಮತ್ತೊಂದು ದಮ್ಮು ಎಳೆದರೆ ಹಗುರವೆನಿಸುತ್ತದೆ. ಆದರೆ ಹಗುರವಾದದ್ದು ಪರೀಕ್ಷೆಯ ಭಯವಲ್ಲ, ಹಿಂದಿನ ಸಿಗರೇಟು ಹುಟ್ಟಿಸಿದ ಚಡಪಡಿಕೆ. ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಿದ ಹಾಗೆ. ಮಿದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುವುದರಿಂದ ಎಳೆಯರಲ್ಲಿ ಈ ಸಾಲ ಬೇಗ ಬೇರೂರುತ್ತದೆ.

ಮೊದಲೇ ಮನಸ್ಸು ಕುಗ್ಗಿದವರು ಸಿಗರೇಟಿನ ಕಡೆ ವಾಲುತ್ತಾರೆ, ಸಿಗರೇಟೇ ಮನಸ್ಸು ಕೆಡಿಸಿತೆಂದು ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡೂ ದಿಕ್ಕಿನಲ್ಲಿ ನಡೆಯುತ್ತದೆ ಎನ್ನುವುದೇ ಸರಿಯಾದ ಉತ್ತರ. ಆದರೆ ಬಿಟ್ಟವರ ಕಥೆ ಒಂದು ದಿಕ್ಕನ್ನು ಸ್ಪಷ್ಟಪಡಿಸುತ್ತದೆ: 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯಂತೆ, ಧೂಮಪಾನ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾಗಿದ್ದವು. ಅವು ಬಹುಪಾಲು ವಯಸ್ಕರ ಅಧ್ಯಯನಗಳು, ನಿಜ. ಆದರೂ ಸಿಗರೇಟು ಮನಸ್ಸಿಗೆ ಆಸರೆ ಎನ್ನುವ ನಂಬಿಕೆ ಅಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಸಂಗತಿ ನನ್ನ ವಾದಕ್ಕೂ ಸ್ವಲ್ಪ ತೊಡಕಿನದು. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ 13ರಿಂದ 15 ವಯಸ್ಸಿನ ವಿದ್ಯಾರ್ಥಿಗಳಲ್ಲಿ ಶೇ. 8.5 ಮಂದಿ ತಂಬಾಕು ಬಳಸುತ್ತಿದ್ದರು. ಸಿಗರೇಟು ಸೇದಿದವರಲ್ಲಿ ಶೇ. 38 ಮಂದಿ ಹತ್ತು ತುಂಬುವ ಮೊದಲೇ ಶುರುಮಾಡಿದ್ದರು. ಹತ್ತರ ಮಗುವಿಗೆ ನೀಟ್, ಜೆಇಇ ಚಿಂತೆಯಿಲ್ಲ. ಅಲ್ಲಿ ಕಾರಣ ಮನೆಯ ಹಿರಿಯರ ಕೈಯಲ್ಲಿದ್ದ ಬೀಡಿ, ಬಿಡಿ ಸಿಗರೇಟು ಮಾರುವ ಮೂಲೆಯಂಗಡಿ. ಟೆನ್ಶನ್ ಬರುವ ವೇಳೆಗೆ ತಂಬಾಕು ಕೈಗೆಟುಕುವಲ್ಲೇ ಇರುತ್ತದೆ.

ವೇಪ್‌ನಲ್ಲಿ, ಅಂದರೆ ಇ-ಸಿಗರೇಟಿನಲ್ಲಿ, ಬೆಂಕಿಯಿಲ್ಲ, ಟಾರ್ ಇಲ್ಲ, ಸಿಗರೇಟಿಗಿಂತ ವಾಸಿ ಎನ್ನುವವರಿದ್ದಾರೆ. ವರ್ಷಗಟ್ಟಲೆ ಸೇದಿ ಬಿಡಲಾಗದೆ ಒದ್ದಾಡುವ ವಯಸ್ಕರ ಮಟ್ಟಿಗೆ ಆ ಚರ್ಚೆಗೆ ಅರ್ಥವಿದೆ. ಎಂದೂ ಸೇದದ ಹದಿನಾರರ ಹುಡುಗಿಗೆ ಮಾವಿನ ಪರಿಮಳದ ವೇಪ್ ತಂದುಕೊಡುವುದು ನಿಕೋಟಿನ್ನಿನ ಚಟವನ್ನು ಮಾತ್ರ. ಭಾರತ 2019ರಲ್ಲೇ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿದೆ. ಕದ್ದು ಮಾರುವ ಸರಕಿನಲ್ಲಿ ಏನಿದೆಯೆಂದು ಪರೀಕ್ಷಿಸುವವರೂ ಇಲ್ಲ.

ಮೃದುವಾದರೆ ಮಕ್ಕಳು ಕೆಡುತ್ತಾರೆ, ಸಿಕ್ಕಿಬಿದ್ದವರನ್ನು ಕಾಲೇಜಿನಿಂದ ಹೊರಗೆ ಹಾಕಬೇಕು ಎಂಬ ಆಕ್ಷೇಪವೂ ಇದೆ. ಬಿಗಿ ಬೇಕು, ಆದರೆ ಮಾರುವವರ ಮೇಲೆ. ಕಾನೂನು ಹೇಳುವುದೂ ಅದನ್ನೇ: ಶಾಲೆ ಕಾಲೇಜುಗಳ ಸುತ್ತ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ, ಮಗುವಿನ ಕೈಗೆ ತಂಬಾಕು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಸೆರೆವಾಸವಿದೆ. ಮನಸ್ಸು ಕುಗ್ಗಿ ಸೇದಿದ ಹುಡುಗನನ್ನು ಹೊರಹಾಕಿದರೆ ಅವನ ಕುಗ್ಗು ಹೆಚ್ಚುತ್ತದೆ, ಉಳಿದವರು ಮುಚ್ಚಿಡಲು ಕಲಿಯುತ್ತಾರೆ. ಮಗನ ಬ್ಯಾಗಿನಲ್ಲಿ ಲೈಟರ್ ಸಿಕ್ಕಿದ ದಿನ, ಎಷ್ಟು ದಿನದಿಂದ ಎಂದು ಗದರುವ ಮೊದಲು, ಏನಾಗಿದೆ ಎಂದು ಕೇಳಿ. ತಂಬಾಕು ಬಿಡಲು ನೆರವು ಕೊಡುವ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356. ಮನಸ್ಸಿನ ಸಂಕಟಕ್ಕೆ ಹಗಲಿರುಳೂ ತೆರೆದಿರುವ ಟೆಲಿ ಮಾನಸ್ 14416. ಉಚಿತ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.